ಮೊದಲು ಗೋಡೆ, ಆಮೇಲೆ ಸಂತರು: ಹಳೇ ಗೋವಾ ತೋರಿಸುವ ನನ್ನ ಕ್ರಮ

ಹುಬ್ಬಳ್ಳಿ, ಗದಗ, ವಿಜಯಪುರ ಕಡೆಯಿಂದ ಬರುವವರು ಹಳೇ ಗೋವಾದಲ್ಲಿ ಗಾಡಿ ಇಳಿಯುತ್ತಲೇ ಕೇಳುವುದು ಒಂದೇ ಪ್ರಶ್ನೆ: "ಆ ಸಂತರ ದೇಹ ಎಲ್ಲಿ ಐತ್ರೀ?" ಬಾಮ್ ಜೀಸಸ್ ಚರ್ಚಿನಲ್ಲಿರುವ ಸಂತ ಫ್ರಾನ್ಸಿಸ್ ಕ್ಸೇವಿಯರ್ ದೇಹದ ಮಾತು ಅದು. ತಪ್ಪೇನಿಲ್ಲ. ಆದರೆ ಅದನ್ನೇ ಮೊದಲು ತೋರಿಸಿದರೆ ಉಳಿದದ್ದೆಲ್ಲ ಅವಸರದಲ್ಲಿ ಮುಗಿಯುತ್ತದೆ, ಎಲ್ಲರೂ ಬೀಚಿಗೆ ಹೊರಡುತ್ತಾರೆ. ಅದಕ್ಕೇ ನಾನು ಅದನ್ನು ಹಿಂದಕ್ಕೆ ತಳ್ಳಿದ್ದೇನೆ.

ನಾನು ವಾಸ್ಕೋದಲ್ಲಿದ್ದುಕೊಂಡು ಟೂರಿಸ್ಟ್ ಗಾಡಿ ಓಡಿಸುತ್ತೇನೆ. ಅಪ್ಪ ಬಾಗಲಕೋಟೆ ಕಡೆಯ ಗೌಂಡಿ. ಸುಣ್ಣ ಅರಳಿಸುವುದು, ಗಾರೆ ಅರೆಯುವುದು ನೋಡುತ್ತಲೇ ಬೆಳೆದವನಿಗೆ ಚರ್ಚಿನಲ್ಲೂ ಮೊದಲು ಕಣ್ಣಿಗೆ ಬಿದ್ದದ್ದು ಕಲ್ಲು ಮತ್ತು ಸುಣ್ಣವೇ. ಇತಿಹಾಸ ಆಮೇಲೆ ಓದಿಕೊಂಡೆ.

ನನ್ನ ಸುತ್ತು ಸೇಂಟ್ ಕಜೇತಾನ್ ಚರ್ಚ್ ಹತ್ತಿರದ ಒಂದು ಕರಿಕಲ್ಲಿನ ಬಾಗಿಲಿನಿಂದ ಶುರು. 1510ರಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಗೆಲ್ಲುವ ತನಕ ಈ ಊರು ಬಿಜಾಪುರದ ಆದಿಲ್‌ಶಾಹಿಗಳದ್ದು. ಅವರ ಅರಮನೆಯಲ್ಲಿ ಉಳಿದದ್ದು ಈ ಬಾಗಿಲು ಮಾತ್ರ. ಪೋರ್ಚುಗೀಸರ ವೈಸ್‌ರಾಯ್‌ಗಳೂ ಬಹಳ ಕಾಲ ಅದೇ ಅರಮನೆಯಲ್ಲಿದ್ದರು. ವಿಜಯಪುರದವರು ಇದ್ದರೆ ಪಕ್ಕದ ಚರ್ಚಿನ ಗುಮ್ಮಟ ತೋರಿಸುತ್ತೇನೆ. ರೋಮ್‌ನ ಸೇಂಟ್ ಪೀಟರ್ಸ್ ಮಾದರಿಯಲ್ಲಿ ಇಟಲಿಯ ಪಾದ್ರಿಗಳು ಕಟ್ಟಿಸಿದ್ದು, 1661ರ ಹೊತ್ತಿಗೆ ಮುಗಿಯಿತು. ಗೋಲ್ ಗುಂಬಜ್ 1656ರದ್ದು. ಒಂದೇ ಕಾಲದಲ್ಲಿ ಅಲ್ಲೂ ಗುಮ್ಮಟ, ಇಲ್ಲೂ ಗುಮ್ಮಟ! ಅಷ್ಟು ಹೇಳಿದರೆ ಸಾಕು, ಅಲ್ಲಿಂದ ಮುಂದೆ ಜನ ತಾವಾಗಿಯೇ ಕಟ್ಟಡ ನೋಡತೊಡಗುತ್ತಾರೆ.

ಸೆ ಕೆಥೆಡ್ರಲ್‌ನಲ್ಲಿ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. 1562ರಲ್ಲಿ ಶುರುವಾದ ದೊಡ್ಡ ಕಟ್ಟಡ, ಸಂತ ಕ್ಯಾಥರೀನ್ ಹೆಸರಿನದು. ಅಲ್ಬುಕರ್ಕ್ ಗೆದ್ದ ದಿನ ಆಕೆಯ ಹಬ್ಬವಿತ್ತು. ಒಂದೇ ಗೋಪುರ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಇನ್ನೊಂದು 1776ರಲ್ಲಿ ಬಿತ್ತು, ಮತ್ತೆ ಕಟ್ಟಲಿಲ್ಲ. ಅಲ್ಲಿ ನಾನು ಹೇಳುವ ಮುಖ್ಯ ಮಾತು ಒಂದೇ: ಗೋಡೆಯ ಬಿಳಿ ಬಣ್ಣ ನೆನಪಿಟ್ಟುಕೊಳ್ಳಿ.

ಯಾಕೆಂದರೆ ರಸ್ತೆ ದಾಟಿದರೆ ಬಾಮ್ ಜೀಸಸ್, ಪೂರ್ತಿ ಕೆಂಪು. "ನೋಡ್ರಿ, ಇದು ಎಷ್ಟು ಹಳೇದು ಕಾಣ್ತದ" ಅನ್ನುತ್ತಾರೆ. ಹಾಗೆ ಕಾಣಲಿ ಅಂತಲೇ ಮಾಡಿದ್ದು. 1594ರಲ್ಲಿ ಶುರುವಾಗಿ 1605ರಲ್ಲಿ ಪ್ರತಿಷ್ಠೆಯಾದ ಈ ಚರ್ಚಿಗೂ ಸುಣ್ಣದ ಗಿಲಾವು ಇತ್ತು. 1950ರ ದಶಕದಲ್ಲಿ, ಪೋರ್ಚುಗೀಸರ ಕಾಲದಲ್ಲೇ, ಅದನ್ನು ಕೆತ್ತಿ ತೆಗೆಸಿದರು. ಒಳಗಿದ್ದ ಚೀರೇಕಲ್ಲು, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲು, ಹೊರಗೆ ಬಂತು.

ಚೀರೇಕಲ್ಲಿನ ಗುಣ ಕರಾವಳಿಯವರಿಗೆ ಹೇಳಬೇಕಾಗಿಲ್ಲ. ನೆಲದಿಂದ ಕಡಿಯುವಾಗ ಮೆತ್ತಗೆ, ಗಾಳಿಗೆ ಒಣಗಿದ ಮೇಲೆ ಗಟ್ಟಿ. ಆದರೆ ಜೇನುಗೂಡಿನ ಹಾಗೆ ತೂತು ತೂತು. ಗೋವಾದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಬರಿಗಲ್ಲು ಅಷ್ಟೂ ನೀರು ಕುಡಿಯುತ್ತದೆ, ಒಣಗುತ್ತದೆ, ಮತ್ತೆ ಕುಡಿಯುತ್ತದೆ. ಹೀಗೇ ಪುಡಿಯಾಗುತ್ತದೆ. ಸುಣ್ಣದ ಗಿಲಾವು ಮಳೆಯ ಪೆಟ್ಟನ್ನು ತಾನು ತಿಂದು, ಒಳಗಿನ ತೇವವನ್ನು ಹೊರಗೆ ಬಿಡುತ್ತದೆ. ಸವೆದರೆ ಮತ್ತೆ ಹಚ್ಚಬಹುದು, ಕಲ್ಲು ಉಳಿಯುತ್ತದೆ. ಸಿಮೆಂಟ್ ಬಳಿದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ, ಅದು ಇನ್ನೂ ಕೆಟ್ಟದ್ದು.

ಇದನ್ನು ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಅದಕ್ಕೆ ಮುಂಭಾಗದ ಎದುರು ನಿಲ್ಲಿಸಿ ಮೇಲಿನ ಕೆತ್ತನೆ ತೋರಿಸುತ್ತೇನೆ. ಅದು ಕರಿಕಲ್ಲು, ಮುಂಬೈ ಹತ್ತಿರದ ವಸಾಯಿಯಿಂದ ತರಿಸಿದ್ದು. ಚೀರೇಕಲ್ಲಿನಲ್ಲಿ ನಾಜೂಕು ಕೆತ್ತನೆ ನಿಲ್ಲುವುದಿಲ್ಲ. ಕರಿಕಲ್ಲಿನ ಅಂಚು ಇವತ್ತಿಗೂ ಚೂಪಾಗಿದೆ. ಅದರ ಪಕ್ಕದ ಕೆಂಪು ಕಲ್ಲಿನ ಅಂಚು ಎಲ್ಲಿದೆ ಹುಡುಕಿ ಅನ್ನುತ್ತೇನೆ. ಮಕ್ಕಳು ಬೇಗ ಕಂಡುಹಿಡಿಯುತ್ತಾರೆ.

ಗಿಲಾವು ಮತ್ತೆ ಹಾಕಬೇಕೋ ಬೇಡವೋ ಅನ್ನುವ ಚರ್ಚೆ ನಡೆದೇ ಇದೆ. ಹಾಕಬೇಕು ಅಂತ ನನ್ನ ಪಕ್ಷ. ಕೆಂಪು ಬಣ್ಣಕ್ಕೆ ಜನ ಒಗ್ಗಿಹೋಗಿದ್ದಾರೆ ಅನ್ನುವುದು ಒಂದು ಕಾರಣವಾ?

ಒಳಗೆ ಫ್ರಾನ್ಸಿಸ್ ಕ್ಸೇವಿಯರ್. 1552ರಲ್ಲಿ ಚೀನಾ ಕರಾವಳಿಯ ದ್ವೀಪದಲ್ಲಿ ತೀರಿಕೊಂಡರು, ದೇಹ ಇಲ್ಲಿಗೆ ಬಂತು. ಬೆಳ್ಳಿ ಪೆಟ್ಟಿಗೆ ಗೋವಾದ ಅಕ್ಕಸಾಲಿಗರ ಕೈಕೆಲಸ. ಅದರ ಕೆಳಗಿನ ಅಮೃತಶಿಲೆಯ ಸಮಾಧಿ ಟಸ್ಕನಿಯ ದೊರೆ ಮೂರನೇ ಕೋಸಿಮೋ ಕೊಟ್ಟದ್ದು. ಫ್ಲಾರೆನ್ಸಿನ ಶಿಲ್ಪಿ ಫೊಜಿನಿ ಮಾಡಿದ ಇದನ್ನು 1698ರಲ್ಲಿ ಇಲ್ಲಿ ಜೋಡಿಸಿದರು. ಪೆಟ್ಟಿಗೆ ಎತ್ತರದಲ್ಲಿರುವುದರಿಂದ ದೇಹ ಸರಿಯಾಗಿ ಕಾಣುವುದಿಲ್ಲ. ಹತ್ತು ವರ್ಷಕ್ಕೊಮ್ಮೆ ಕೆಳಗಿಳಿಸಿ ದರ್ಶನಕ್ಕೆ ಇಡುತ್ತಾರೆ. ಕಳೆದ ಸಲದ್ದು 2025ರ ಜನವರಿಯಲ್ಲಿ ಮುಗಿಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇಜಾರಾಗುವುದು ಬೇಡ.

ಕೊನೆಗೆ ಸೇಂಟ್ ಆಗಸ್ಟೀನ್ ಗೋಪುರ. ಸುಮಾರು 46 ಮೀಟರ್ ಎತ್ತರ, ಚೀರೇಕಲ್ಲಿನದ್ದೇ. 1835ರಲ್ಲಿ ಪಾದ್ರಿಗಳು ಜಾಗ ಬಿಡಬೇಕಾಯಿತು. ನೋಡಿಕೊಳ್ಳುವವರಿಲ್ಲದೆ 1842ರಲ್ಲಿ ಚರ್ಚಿನ ಚಾವಣಿ ಕುಸಿಯಿತು. 1931ರಲ್ಲಿ ಗೋಪುರದ ಅರ್ಧ ಭಾಗ ಉರುಳಿತು. ಗೋಡೆಯ ಬಗ್ಗೆ ನಾನು ಅಷ್ಟು ಹೊತ್ತು ಕೊರೆದದ್ದು ಯಾಕೆ ಅಂತ ಇಲ್ಲಿ ಯಾರೂ ಕೇಳುವುದಿಲ್ಲ.

ಬರುವವರಿಗೆ ಒಂದೆರಡು ಮಾತು. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ಭಾನುವಾರ ಬೆಳಿಗ್ಗೆ ಬಲಿಪೂಜೆ, ಅಂದರೆ ಚರ್ಚಿನ ಪ್ರಾರ್ಥನೆ, ಇರುತ್ತದೆ, ಆ ಹೊತ್ತು ತಪ್ಪಿಸಿ. ಮಳೆಗಾಲದಲ್ಲಿ ಬಂದರೆ ಆ ಕೆಂಪು ಗೋಡೆ ನೀರು ಕುಡಿಯುವುದನ್ನು ಕಣ್ಣಾರೆ ನೋಡಬಹುದು. ಜನ ಕಡಿಮೆ, ರೂಮ್ ಬಾಡಿಗೆಯೂ ಕಡಿಮೆ.