ಏಳು ಸಾವಿರದ ಮಿನಿ ಪ್ರೊಜೆಕ್ಟರ್‌ನಲ್ಲಿ ಒತ್ತಕ್ಷರ ಓದಿಸಿದ ಕಥೆ

ಮಿನಿ ಪ್ರೊಜೆಕ್ಟರ್ ತಗೊಂಡವರು ಮೊದಲ ವಾರ 120 ಇಂಚು, 150 ಇಂಚು ಅಂತ ಬೀಗುತ್ತಾರೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ಅದು ಅಟ್ಟ ಸೇರಿರುತ್ತದೆ. ನನ್ನದು ತುಮಕೂರಿನ ನಮ್ಮ ಮನೆ ಹಾಲ್‌ನಲ್ಲಿ ಎರಡು ವರ್ಷದಿಂದ ಓಡುತ್ತಿದೆ, ಬೆಲೆ ಏಳು ಸಾವಿರದ ಆಸುಪಾಸು. ತಂದ ಹೊಸದರಲ್ಲಿ ನಮ್ಮ ಷಡ್ಡಕರು ನೋಡಿ, "ಏನ್ರೀ ಇದು, ಮಕ್ಕಳಾಟದ ಸಾಮಾನು! ಇನ್ನೊಂದಿಷ್ಟು ಸೇರಿಸಿ ಟಿವಿ ತರೋದಲ್ವಾ" ಅಂದಿದ್ದರು. ಹೋದ ಯುಗಾದಿಗೆ ಬಂದಾಗ ಅವರೇ ಮಾಡೆಲ್ ನಂಬರ್ ಬರೆದುಕೊಂಡು ಹೋದರು. ಮಾಡೆಲ್‌ನಲ್ಲೇನೂ ಇಲ್ಲ, ಅದರ ಸುತ್ತ ಮಾಡಿದ ಕೆಲಸದಲ್ಲಿ ಇರೋದು ಅಂತ ಹೇಳಿದರೂ ನಂಬಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಪಿಕ್ಚರ್ ಚೆನ್ನಾಗಿದೆಯಾ ಅಂತ ತಿಳಿಯೋಕೆ ನನ್ನ ಪರೀಕ್ಷೆ ಒಂದೇ. ಕನ್ನಡ ನ್ಯೂಸ್ ಚಾನೆಲ್ ಹಾಕಿ ಕೆಳಗೆ ಓಡುವ ಪಟ್ಟಿ ನೋಡೋದು. ಇಂಗ್ಲಿಷ್ ಅಕ್ಷರ ಎಷ್ಟು ಮಸುಕಾಗಿದ್ದರೂ ಊಹಿಸಿ ಓದಬಹುದು. ಆದರೆ 'ರಾಷ್ಟ್ರೀಯ' ಅನ್ನೋದರಲ್ಲಿ ಟ ಒತ್ತು, ರ ಒತ್ತು ಎರಡೂ ಬೇರೆ ಬೇರೆಯಾಗಿ ಕಾಣಬೇಕಾದರೆ ಫೋಕಸ್, ರೆಸಲ್ಯೂಷನ್ ಎಲ್ಲ ಸರಿ ಇರಬೇಕು. ಶುರುವಿನಲ್ಲಿ ಒತ್ತಕ್ಷರ ಇರಲಿ, ದೀರ್ಘವೂ ಕಾಣುತ್ತಿರಲಿಲ್ಲ.

ಡಬ್ಬದ ಮೇಲೆ '4ಕೆ ಸಪೋರ್ಟ್' ಅಂತ ಬರೆದಿರುತ್ತದೆ. ಆ ಸಪೋರ್ಟ್ ನಂಬಬೇಡಿ, ಒಳಗೆ ಚಿತ್ರ ಮೂಡಿಸುವ ಗಾಜು, ಅಂದರೆ ಪ್ಯಾನೆಲ್, ಎಷ್ಟು ಪಿಕ್ಸೆಲ್‌ನದು ಅಂತ ನೋಡಿ. ಲ್ಯಾಪ್‌ಟಾಪ್ ಜೋಡಿಸಿ 1280×720ಕ್ಕೆ ಇಟ್ಟು, ಒಂದು ಪಿಕ್ಸೆಲ್ ಕಪ್ಪು ಒಂದು ಪಿಕ್ಸೆಲ್ ಬಿಳಿ ಗೆರೆಯ ಚಿತ್ರ ಹಾಕಿದೆ. ಈ ತುದಿಯಿಂದ ಆ ತುದಿವರೆಗೆ ಗೆರೆ ಬಿಡಿಬಿಡಿಯಾಗಿ ನಿಂತವು. ಗೆಳೆಯನೊಬ್ಬನ ಪ್ರೊಜೆಕ್ಟರ್‌ನಲ್ಲಿ ಬರೀ ಬೂದು ಅಲೆಗಳು. ಅದು 800×480 ಪ್ಯಾನೆಲ್, ಅಂದರೆ ಮೂರು ಲಕ್ಷ ಎಂಬತ್ತು ಸಾವಿರ ಚುಕ್ಕಿ. ನನ್ನದರಲ್ಲಿ ಒಂಬತ್ತು ಲಕ್ಷದ ಮೇಲಿದೆ. 480ರದ್ದು ತಗೊಂಡವರಿಗೆ ನನ್ನ ಹತ್ತಿರ ಮದ್ದಿಲ್ಲ, ವಾಪಸ್ ಕಳಿಸೋ ಗಡುವು ಮುಗಿಯುವ ಮೊದಲು ಕಳಿಸಿಬಿಡಿ. ಪ್ಯಾನೆಲ್ 720 ಅಂತ ಗೊತ್ತಾದ ಮೇಲೆ ಟಿವಿ ಸ್ಟಿಕ್‌ನಲ್ಲೂ (ಪ್ರೊಜೆಕ್ಟರ್‌ಗೆ ಚುಚ್ಚಿ ಚಾನೆಲ್, ಓಟಿಟಿ ನೋಡೋ ಪುಟ್ಟ ಸಾಧನ) ಆಟೋ ತೆಗೆದು 720ಪಿಗೇ ಕಟ್ಟಿಹಾಕಿದೆ. ಅಷ್ಟಕ್ಕೇ ದೀರ್ಘಗಳು ಬಂದವು.

ಕೀಸ್ಟೋನ್, ಅಂದರೆ ಓರೆಯಾಗಿ ಬಿದ್ದ ಚಿತ್ರವನ್ನು ನೆಟ್ಟಗೆ ಮಾಡುವ ಸೆಟ್ಟಿಂಗ್, ಸೊನ್ನೆಯಲ್ಲಿರಬೇಕು, ಅದರಲ್ಲಿ ರಾಜಿ ಇಲ್ಲ. ರಿಮೋಟ್‌ನಲ್ಲಿ ಕೀಸ್ಟೋನ್ ತಿರುಗಿಸಿದಿರೋ, ಪಿಕ್ಸೆಲ್‌ಗಳು ಕಲಸಿಹೋಗಿ ಮೊದಲು ಸಾಯೋದೇ ಒತ್ತಕ್ಷರ. ಹಾಗಾಗಿ ಪ್ರೊಜೆಕ್ಟರ್ ಪರದೆಗೆ ನೇರವಾಗಿ ಕೂರಬೇಕು. ಅಮ್ಮನ ಹಳೇ ಹೊಲಿಗೆ ಮಿಷನ್ನಿನ ಕಬ್ಬಿಣದ ಸ್ಟ್ಯಾಂಡ್ ಮೇಲೆ ಹಲಗೆ ಹಾಕಿ, ಎತ್ತರಕ್ಕೆ ಒಂದು ಮರದ ಪೆಟ್ಟಿಗೆ ಇಟ್ಟು ಕೂರಿಸಿದೆ. ಯಾರು ಪಕ್ಕದಲ್ಲಿ ನಡೆದರೂ ಅಲ್ಲಾಡಲ್ಲ. ಖರ್ಚಿಲ್ಲ.

ಆಮೇಲೆ ಸೈಜ್. ಇದಕ್ಕೆ ಮನೆಯಲ್ಲಿ ಜಗಳವೇ ಆಯಿತು. 100 ಇಂಚಿನಿಂದ 70ಕ್ಕೆ ಇಳಿಸಿದರೆ ಪರದೆಯ ವಿಸ್ತೀರ್ಣ ಅರ್ಧವಾಗುತ್ತದೆ, ಅದೇ ಬೆಳಕು ಎರಡರಷ್ಟು ಗಾಢವಾಗಿ ಬೀಳುತ್ತದೆ. 120ರಿಂದ ಇಳಿಸಿದರೆ ಹತ್ತಿರ ಹತ್ತಿರ ಮೂರರಷ್ಟು. ಡಬ್ಬದ ಮೇಲಿನ ಸಾವಿರಗಟ್ಟಲೆ ಲ್ಯುಮೆನ್ಸ್ (ಬೆಳಕಿನ ಅಳತೆ) ಎಲ್ಲ ಸುಳ್ಳು ಅಂತ ನಿಮಗೂ ಗೊತ್ತು. ಇಂಥವು ಆನ್ಸಿ ಅನ್ನೋ ಪ್ರಮಾಣಿತ ಅಳತೆಯ ಲೆಕ್ಕದಲ್ಲಿ ನೂರೈವತ್ತು ಕೊಟ್ಟರೆ ಪುಣ್ಯ. ಆ ನೂರೈವತ್ತನ್ನು ಗೋಡೆ ತುಂಬಾ ಸುರಿದರೆ ಏನು ಉಳಿಯುತ್ತೆ? "70 ಇಂಚಿಗೆ ಇಷ್ಟೆಲ್ಲ ಬೇಕಿತ್ತಾ" ಅಂತ ಹೆಂಡತಿ ಕೇಳಿದಳು. ಐದಡಿ ಅಗಲ, ಮೂರಡಿಗೆ ಚೂರು ಕಡಿಮೆ ಎತ್ತರ. ಏಳೆಂಟು ಅಡಿ ದೂರ ಕೂತರೆ ಧಾರಾಳ ಸಾಕು.

ದುಡ್ಡು ಹೆಚ್ಚು ಪೋಲಾಗಿದ್ದು ಪರದೆಗೆ. ಬಿಳಿ ಬೆಡ್‌ಶೀಟ್‌ನಲ್ಲಿ ಬೆಳಕು ಹಿಂದಕ್ಕೆ ತೂರಿಹೋಗುತ್ತದೆ, ಸುಕ್ಕು ಬೇರೆ. ಬ್ಯಾನರ್ ಪ್ರಿಂಟ್ ಮಾಡುವವರ ಹತ್ತಿರ ಖಾಲಿ ಫ್ಲೆಕ್ಸ್ ತಂದೆ, ಇನ್ನೂರು ಚಿಲ್ಲರೆ ಆಯಿತು. ಪ್ರಿಂಟ್ ಆಗೋ ಕಡೆ ಮಿಂಚುತ್ತದೆ, ಲ್ಯಾಂಪಿನ ಬಿಂಬ ನಡುವೆ ಹೊಳೆಯುತ್ತಿತ್ತು. ಬೆನ್ನು ಕಡೆ ಪರವಾಗಿಲ್ಲ, ಆದರೆ ಸುತ್ತಿಟ್ಟ ಮಡಿಕೆ ಬೇಸಿಗೆ ಬಿಸಿಲಲ್ಲಿ ಹಾಸಿದರೂ ಹೋಗಲಿಲ್ಲ. ಯಾರೋ ಹೇಳಿದರು ಅಂತ ಸಿಲ್ವರ್ ಪೇಂಟ್ ತಂದು ಪ್ಲೈವುಡ್‌ಗೆ ಬಳಿದೆ. ನೇರ ಎದುರು ಕೂತವನಿಗೆ ಜಗಮಗ, ಪಕ್ಕದಲ್ಲಿ ಕೂತವನಿಗೆ ಕತ್ತಲೆ. ಪ್ಲೈವುಡ್, ಪೇಂಟ್, ಸ್ಯಾಂಡ್ ಪೇಪರ್ ಸೇರಿ ಸಾವಿರದ ಮುನ್ನೂರೋ ನಾನೂರೋ ನೀರಲ್ಲಿ ಹೋಮ. ಕೊನೆಗೆ ಅದೇ ಪ್ಲೈವುಡ್ ಉಜ್ಜಿ, ಮ್ಯಾಟ್ ಬಿಳಿ ಎಮಲ್ಷನ್‌ಗೆ ಕಪ್ಪು ಸ್ಟೇನರ್ (ಪೇಂಟಿಗೆ ಬೆರೆಸೋ ಬಣ್ಣ) ಸೇರಿಸಿ ತಿಳಿ ಬೂದು ಮಾಡಿ ಸ್ಪಾಂಜ್ ರೋಲರ್‌ನಲ್ಲಿ ಮೂರು ಕೋಟ್ ಹೊಡೆದೆ. ಚಿತ್ರದ ಕಪ್ಪು ಸ್ವಲ್ಪ ಕಪ್ಪಾಗಿ ಕಂಡಿದ್ದು ಆಗಲೇ. ಎಷ್ಟಕ್ಕೆ ಎಷ್ಟು ಹನಿ ಅಂತ ಕೇಳಬೇಡಿ, ಅದನ್ನು ಷಡ್ಡಕರಿಗೂ ಹೇಳಿಲ್ಲ. ಬೂದು ಜಾಸ್ತಿಯಾದರೆ ಇರೋ ಬೆಳಕನ್ನೂ ಅದೇ ನುಂಗುತ್ತದೆ ಅಂತ ಮಾತ್ರ ಹೇಳಬಲ್ಲೆ.

ಕಿಟಕಿಗೆ ಚಿಕ್ಕಪೇಟೆಯಿಂದ ಬ್ಲ್ಯಾಕ್‌ಔಟ್ ಬಟ್ಟೆ, ಮೀಟರ್‌ಗೆ ಇನ್ನೂರೈವತ್ತರ ಸುಮಾರು. ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಪರದೆಯ ಬೆಳಕೇ ಬಿಳಿ ಸೀಲಿಂಗ್‌ಗೆ ಬಡಿದು ಪರದೆಗೆ ವಾಪಸ್ ಬರುತ್ತದೆ, ಅದನ್ನು ಯಾರೂ ಗಮನಿಸಲ್ಲ. ಪರದೆಯ ಮೇಲ್ಭಾಗದ ಸೀಲಿಂಗ್‌ಗೆ ಎರಡಡಿ ಅಗಲ ಕಪ್ಪು ಬಟ್ಟೆ ಅಂಟಿಸಿದೆ, ಹಗಲು ಕೆಟ್ಟದಾಗಿ ಕಾಣುತ್ತೆ, ಇರಲಿ.

ಇಷ್ಟಾದರೂ ಎಡ ಮೇಲ್ಮೂಲೆ ಮಂಜು ಮಂಜು. ಅಲ್ಲಿಗೆ ಫೋಕಸ್ ಮಾಡಿದರೆ ಬಲ ಕೆಳಮೂಲೆ ಹೋಗುತ್ತಿತ್ತು. ರಿಪೇರಿ ಅಂಗಡಿಯವರು "ಇಂಥವೆಲ್ಲ ಹೀಗೇ ಸಾರ್, ಹೊಸದು ತಗೊಳ್ಳಿ" ಅಂತ ಕೈ ಆಡಿಸಿಬಿಟ್ಟರು. ಒಂದೇ ಒಂದು ಮೂಲೆ ಕೈಕೊಡುತ್ತಿದೆ ಅಂದರೆ ಸಾಮಾನ್ಯವಾಗಿ ಲೆನ್ಸು ಪ್ಯಾನೆಲ್ಲಿಗೆ ಸಮನಾಗಿ ಕೂತಿಲ್ಲ ಅಂತ ಅರ್ಥ. ಬಿಚ್ಚಿದೆ. ಲೆನ್ಸ್ ಕೊಳವೆ ನಾಲ್ಕು ಸ್ಕ್ರೂ ಮೇಲೆ ನಿಂತಿರುತ್ತದೆ. ಪ್ರೊಜೆಕ್ಟರ್ ಆನ್ ಇಟ್ಟು, ಕಣ್ಣಿಗೆ ಬೆಳಕು ಬೀಳದ ಹಾಗೆ ಪಕ್ಕಕ್ಕೆ ನಿಂತು, ಒಂದೊಂದೇ ಸ್ಕ್ರೂ ಕಾಲು ಸುತ್ತು ಸಡಿಲಿಸುತ್ತಾ ಪರದೆ ನೋಡಿದೆ. ಒಂದು ಸ್ಕ್ರೂ ಸಡಿಲವಾದ ಕೂಡಲೇ ಆ ಮೂಲೆಯ ಅಕ್ಷರ ಮಂಜು ಬಿಟ್ಟು ಎದ್ದು ನಿಂತಿತು! ಆ ಸಂದಿಗೆ ಮದುವೆ ಕರೆಯೋಲೆಯ ದಪ್ಪ ಕಾಗದದ ಒಂದು ಚೂರು ಇಟ್ಟು ಬಿಗಿ ಮಾಡಿದೆ. ಖರ್ಚು ಸೊನ್ನೆ. ಇಡೀ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಲಾಭ ಇನ್ಯಾವುದೂ ಕೊಟ್ಟಿಲ್ಲ.

ಬಿಚ್ಚಿದಾಗಲೇ ಧೂಳೂ ತೆಗೆಯಿರಿ. ಕತ್ತಲೆ ದೃಶ್ಯದಲ್ಲಿ ಕಾಣುವ ಗುಂಡು ಗುಂಡು ಮಸುಕು ಚುಕ್ಕಿ ಗೋಡೆಯದ್ದಲ್ಲ, ಪ್ಯಾನೆಲ್ ಮೇಲೆ ಕೂತ ಧೂಳು. ಕ್ಯಾಮೆರಾದವರ ರಬ್ಬರ್ ಬ್ಲೋಯರ್‌ನಿಂದ ಊದಿ, ಒರೆಸೋಕೆ ಹೋಗಬೇಡಿ. ಒಳಗೆ ಬೆಳಕು ಸೋರುವ ಒಂದು ಜಾಗವನ್ನೂ ಮುಚ್ಚಿದ್ದೇನೆ. ಎಲ್ಲಿ ಅಂತ ಬಿಚ್ಚಿದವರಿಗೆ ತಾನಾಗೇ ಗೊತ್ತಾಗುತ್ತೆ. ಗಾಳಿ ಹೋಗೋ ದಾರಿಯನ್ನು ಮಾತ್ರ ಮುಚ್ಚಬೇಡಿ, ಸುಟ್ಟುಹೋಗುತ್ತೆ.

ಮಧ್ಯೆ ಒಂದೆರಡು ಹುಚ್ಚು ಪ್ರಯೋಗ. ಬೆಳಕು ನೀಲಿಗೆ ತಿರುಗಿರೋದು ಇವುಗಳ ಹುಟ್ಟುಗುಣ, ಮುಖಗಳೆಲ್ಲ ಜ್ವರ ಬಂದ ಹಾಗೆ ಕಾಣುತ್ತವೆ. ಗುಬ್ಬಿ ಕಂಪನಿ ಹುಟ್ಟಿದ ಜಿಲ್ಲೆ ನಮ್ಮದು, ನಾಟಕಕ್ಕೆ ಲೈಟಿಂಗ್ ಮಾಡುವವರಿಗೆ ಬರವಿಲ್ಲ. ಒಬ್ಬರ ಹತ್ತಿರ ತಿಳಿ ಅಂಬರ್ ಜಿಲೆಟಿನ್ ಪೇಪರ್ ಚೂರು ಇಸ್ಕೊಂಡು ಲೆನ್ಸ್ ಮುಂದೆ ಹಿಡಿದೆ. ಮೈಬಣ್ಣ ಭೇಷ್, ಆದರೆ ಬೆಳಕು ತುಂಬಾ ಕಡಿಮೆಯಾಯಿತು. ಬಿಟ್ಟೆ. ಮೆನುವಿನಲ್ಲಿ ವಾರ್ಮ್ ಇಟ್ಟು ನೀಲಿ ಸ್ವಲ್ಪ ಇಳಿಸಿದೆ, ಸಾಕಾಯಿತು. ಇನ್ನೊಂದು, ಕಪ್ಪು ಡ್ರಾಯಿಂಗ್ ಶೀಟ್‌ನಲ್ಲಿ ದುಂಡು ತೂತು ಮಾಡಿ ಲೆನ್ಸ್‌ಗೆ ಬಳೆ ಥರ ತೊಡಿಸೋದು. ಅಂಚು ಚೂಪಾಗುತ್ತದೆ, ಬೆಳಕು ಹೋಗುತ್ತದೆ. ಹಳೇ ಕಪ್ಪು-ಬಿಳುಪು ಸಿನಿಮಾ ನೋಡುವಾಗ ಮಾತ್ರ ಹಾಕುತ್ತೇನೆ.

ಸೆಟ್ಟಿಂಗ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಶಾರ್ಪ್‌ನೆಸ್ ಬಹುತೇಕ ಸೊನ್ನೆಗೆ ತನ್ನಿ, ಇಲ್ಲದಿದ್ದರೆ ಅಕ್ಷರದ ಸುತ್ತ ಬಿಳಿ ಅಂಚು ಎದ್ದು ಒತ್ತು ಕೆಡುತ್ತದೆ. ಬ್ರೈಟ್‌ನೆಸ್ ಏರಿಸಿದರೆ ಬೆಳಕು ಹೆಚ್ಚಲ್ಲ, ಕಪ್ಪು ಬೂದಾಗುತ್ತದೆ ಅಷ್ಟೆ. ಕ್ರಿಕೆಟ್‌ಗೆ ಸ್ಟಿಕ್‌ನಲ್ಲಿ 50 ಹರ್ಟ್ಜ್ (ಸೆಕೆಂಡಿಗೆ 50 ಸಲ ಚಿತ್ರ ಬದಲಾಗೋದು) ಇಟ್ಟು ನೋಡಿ, ನಮ್ಮ ಚಾನೆಲ್‌ಗಳು ಆ ಲೆಕ್ಕದಲ್ಲೇ ಬರೋದು, ಚೆಂಡು ತಡವರಿಸೋದು ನನ್ನದರಲ್ಲಿ ನಿಂತಿತು. ಪ್ರೊಜೆಕ್ಟರ್ ಒಳಗಿನ ಆಪ್‌ಗಳನ್ನು ಮುಟ್ಟಬೇಡಿ. ವೈಡ್‌ವೈನ್ ಎಲ್1 (ಕಳ್ಳ ನಕಲು ತಡೆಯುವ ವ್ಯವಸ್ಥೆಯ ಮೇಲ್ದರ್ಜೆ) ಇರದ ಪೆಟ್ಟಿಗೆಗೆ ದೊಡ್ಡ ಓಟಿಟಿಗಳು ಎಚ್‌ಡಿ ಕೊಡಲ್ಲ. ಸ್ಟಿಕ್‌ಗೆ ಬೇರೆ ಚಾರ್ಜರ್ ಹಾಕಿ, ಪ್ರೊಜೆಕ್ಟರಿನ ಯುಎಸ್‌ಬಿ ಅರ್ಧ ಆಂಪಿಯರ್ ಕೊಟ್ಟರೆ ಸ್ಟಿಕ್ ಸುಮ್ನೆ ರೀಸ್ಟಾರ್ಟ್ ಆಗುತ್ತಾ ಕೂರುತ್ತದೆ.

ಪೋಲಾಗಿದ್ದೂ ಸೇರಿ ಹನ್ನೆರಡು ಸಾವಿರ ದಾಟಿಲ್ಲ, ಅದರಲ್ಲಿ ಸ್ಟಿಕ್ಕೇ ಎರಡೂವರೆ. ಹಗಲು ಮ್ಯಾಚ್‌ಗೆ ಇದು ಈಗಲೂ ಆಗಲ್ಲ, ಕಪ್ಪು ಪೂರ್ತಿ ಕಪ್ಪಲ್ಲ. ಎಲ್‌ಇಡಿ ಹತ್ತಾರು ಸಾವಿರ ಗಂಟೆ ಬಾಳುತ್ತದೆ ಅಂತ ಬರೆದಿರುತ್ತಾರೆ, ಆದರೆ ಅದಕ್ಕಿಂತ ಮೊದಲು ಶಾಖಕ್ಕೆ ಸುಡೋದು ಒಳಗಿನ ಪೋಲರೈಸರ್, ಅಂದರೆ ಒಂದು ದಿಕ್ಕಿನ ಬೆಳಕನ್ನಷ್ಟೇ ಬಿಡುವ ತೆಳು ಹಾಳೆ. ಚಿತ್ರದ ನಡುವೆ ಹಳದಿ ಕಲೆ ಬಂದರೆ ಅದೇ ಅಂತ ತಿಳ್ಕೊಳ್ಳಿ. ನನ್ನದಕ್ಕೆ ಇನ್ನೂ ಬಂದಿಲ್ಲ, ಆದರೂ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡ್‌ಗೆ ಹೋದಾಗ ಒಂದು ಶೀಟ್ ತಂದಿಟ್ಟಿದ್ದೇನೆ, ಇನ್ನೂರರೊಳಗೆ ಸಿಕ್ಕಿತು. ಹಳೆಯದನ್ನು ತೆಗೆಯುವ ಮುಂಚೆ ಮಾರ್ಕರ್‌ನಲ್ಲಿ ಯಾವ ಕಡೆ ಮೇಲೆ ಅಂತ ಗುರುತು ಹಾಕಿಕೊಳ್ಳಿ, ಅಡ್ಡ ಕೂತರೆ ಚಿತ್ರ ಸರಿಯಾಗಿ ಬರಲ್ಲ.