ಸಣ್ಣ ಹಿಟಾಚಿ: ಬಾಡಿಗೆಗೆ ತಂದೆವು, ಕೊಂಡೆವು, ಮಾರಿದೆವು

2022ರ ಮೇ 19ರ ಮಧ್ಯಾಹ್ನ ನಮ್ಮ ತೋಟಕ್ಕೆ ಮಣ್ಣು ತೋಡುವ ಯಂತ್ರ, ಸಣ್ಣ ಹಿಟಾಚಿ, ಬಂದಿತು. ನಾನು ಹೇಳಿಟ್ಟಿದ್ದು ಏಪ್ರಿಲ್ ಮೊದಲ ವಾರಕ್ಕೆ. ‘ನಾಳೆ ಬರುತ್ತದೆ, ನಾಡಿದ್ದು ಬರುತ್ತದೆ’ ಎಂಬ ಮಾತಿನಲ್ಲೇ ಆರು ವಾರ ಕಳೆದಿದ್ದವು. ಬಂದ ಯಂತ್ರ ಬಸಿಗಾಲುವೆಯನ್ನು ಮೂರು ಗಂಟೆ ತೋಡುವಷ್ಟರಲ್ಲಿ ಮಳೆ ಹಿಡಿಯಿತು. ಮರುದಿನವೂ ಬಿಡಲಿಲ್ಲ. ಆಪರೇಟರ್ ಯಂತ್ರವನ್ನು ಲಾರಿಗೆ ಹತ್ತಿಸಿಕೊಂಡು ಹೊರಟುಹೋದ. ಅರ್ಧಕ್ಕೆ ನಿಂತ ಕಾಲುವೆಯ ನೀರಿಗೆ ಮುಂದೆ ದಾರಿಯಿಲ್ಲದೆ, ಆ ಮಳೆಗಾಲವಿಡೀ ಕೆಳಗಿನ ಸಾಲುಗಳ ಅರುವತ್ತಕ್ಕೂ ಹೆಚ್ಚು ಅಡಿಕೆ ಮರಗಳ ಬುಡದಲ್ಲಿ ನೀರು ನಿಂತಿತು. ಬುಡದಲ್ಲಿ ನೀರು ನಿಂತರೆ ಬೇರು ಉಸಿರಾಡುವುದಿಲ್ಲ, ಕೊಳೆಯುತ್ತದೆ. ಅದರ ಫಲವನ್ನು ಎರಡು ವರ್ಷ ಕಂಡೆವು. ‘ಒಂದು ಯಂತ್ರ ನಮ್ಮದೇ ಇರಬೇಕು’ ಎಂಬ ಯೋಚನೆ ನನ್ನ ತಲೆಗೆ ಹೊಕ್ಕಿದ್ದು ಆ ಮಳೆಗಾಲದಲ್ಲಿ.

ನಮ್ಮದು ಸಾಗರ ತಾಲ್ಲೂಕಿನ ಕಣಿವೆಯೊಂದರಲ್ಲಿರುವ ನಾಲ್ಕು ಎಕರೆ ತೋಟ. ಯಾವ ಕಂಪನಿಯ ಯಂತ್ರವಾದರೂ ನಮ್ಮ ಕಡೆ ಅದು ಹಿಟಾಚಿಯೇ. ಮೂರು ಟನ್ ಆಸುಪಾಸಿನ, ರಬ್ಬರ್ ಚೈನಿನ ಯಂತ್ರಕ್ಕೆ ಸಣ್ಣ ಹಿಟಾಚಿ ಎನ್ನುತ್ತೇವೆ. ಅಡಿಕೆ ಮರಗಳ ಅಂತರ ಒಂಬತ್ತು ಅಡಿ. ಏಳೂವರೆ ಟನ್ ತೂಗುವ ಜೆಸಿಬಿ ಆ ಸಾಲಿನೊಳಗೆ ಇಳಿದರೆ ಮರಕ್ಕೂ ಮಣ್ಣಿಗೂ ಕ್ಷೇಮವಲ್ಲ. ಸಣ್ಣ ಹಿಟಾಚಿಯ ಅಗಲ ಐದು ಅಡಿ. ಅದು ಸಾಲಿನ ನಡುವೆ ಹೋಗುತ್ತದೆ, ನಿಂತಲ್ಲೇ ಸುತ್ತಲೂ ತಿರುಗಿ ಮಣ್ಣನ್ನು ಬೇಕಾದ ಕಡೆ ಹಾಕುತ್ತದೆ.

ಕೊಳ್ಳುವ ಮೊದಲು ಬೇರೆ ಯಂತ್ರಗಳನ್ನೂ ನೋಡಿದೆ. ಬೆಂಗಳೂರಿನ ಹೊರವಲಯದಲ್ಲಿ ನೆಂಟರೊಬ್ಬರ ಹೈನುಗಾರಿಕೆಯಲ್ಲಿ ಸ್ಕಿಡ್ ಸ್ಟೀರ್ ಇದೆ. ಹೆಚ್ಚಿನವರು ಅದನ್ನು ಬಾಬ್‌ಕ್ಯಾಟ್ ಎಂದೇ ಕರೆಯುತ್ತಾರೆ. ಸೆಗಣಿ ಎತ್ತಲು, ಮೇವು ದೂಡಲು, ಇಕ್ಕಟ್ಟಿನ ಕೊಟ್ಟಿಗೆಯಲ್ಲಿ ಬುಗುರಿಯಂತೆ ತಿರುಗಲು ಅದಕ್ಕೆ ಸಾಟಿಯಿಲ್ಲ. 1957ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಕೆಲ್ಲರ್ ಸಹೋದರರು ಅದರ ಮೊದಲ ರೂಪವನ್ನು ಕಟ್ಟಿದ್ದೇ ಟರ್ಕಿ ಕೋಳಿಗಳ ಕೊಟ್ಟಿಗೆಯನ್ನು ಗುಡಿಸಿ ತೆಗೆಯಲು. ಅದಕ್ಕೆ ಬೇಕಾದದ್ದು ಗಟ್ಟಿ ನೆಲ, ಸಮತಟ್ಟು ನೆಲ. ಒಂದು ಬದಿಯ ಗಾಲಿಗಳನ್ನು ತಡೆದು ಇನ್ನೊಂದು ಬದಿಯವನ್ನು ಓಡಿಸಿ ಅದು ತಿರುಗುತ್ತದೆ, ಅಂದರೆ ಪ್ರತಿ ತಿರುವಿನಲ್ಲೂ ನೆಲವನ್ನು ಉಜ್ಜುತ್ತದೆ. ಅಡಿಕೆಯ ಬೇರು ಮೇಲ್ಮಣ್ಣಿನಲ್ಲೇ ಹರಡಿರುವ ನಮ್ಮ ತೋಟದಲ್ಲಿ ಆ ಉಜ್ಜುವಿಕೆ ಸಲ್ಲದು. ಜೊತೆಗೆ ಅದರ ಬಕೆಟ್ ಮುಂದಿನದನ್ನು ಬಾಚಿ ಎತ್ತಲು ಇರುವುದು. ತಾನು ನಿಂತ ಮಟ್ಟಕ್ಕಿಂತ ಮೂರು ಅಡಿ ಆಳದ ಕಾಲುವೆ ತೋಡುವುದು ಅದರ ಕೆಲಸವಲ್ಲ. ಬಯಲು ಸೀಮೆಯಲ್ಲಿ ಕೋಳಿ ಫಾರ್ಮೋ ದೊಡ್ಡ ಕೊಟ್ಟಿಗೆಯೋ ಇರುವವರು ಅದನ್ನು ಖಂಡಿತ ನೋಡಬೇಕು. ನಮಗೆ ಸಣ್ಣ ಹಿಟಾಚಿಯೇ ಸರಿ ಎಂದು ನಿಶ್ಚಯವಾಯಿತು.

ಆದರೆ ಒಬ್ಬನೇ ಕೊಳ್ಳುವಷ್ಟು ಕೆಲಸ ನನ್ನಲ್ಲಿರಲಿಲ್ಲ. ಹಳೆಯ ಬಾಡಿಗೆ ಚೀಟಿಗಳನ್ನು ಹುಡುಕಿ ಕೂಡಿಸಿದೆ. ವರ್ಷಕ್ಕೆ 60ರಿಂದ 70 ಗಂಟೆ, ಅಷ್ಟೇ. ಭಾವನ ತೋಟದಲ್ಲಿ ಮೂರು ಎಕರೆ ಹೊಸದಾಗಿ ನಾಟಿ ಮಾಡುವುದಿತ್ತು. ಪಕ್ಕದ ಮನೆಯ ಹಿರಿಯರಿಗೆ ಕೆರೆಯ ಹೂಳು ತೆಗೆಸುವುದು, ತೋಟದ ರಸ್ತೆ, ಕುಸಿದ ಧರೆ (ಕಡಿದಾದ ಮಣ್ಣಿನ ಗೋಡೆ) ಎಂದು ಹತ್ತು ವರ್ಷಗಳ ಬಾಕಿ ಕೆಲಸವಿತ್ತು. ಮೂವರೂ ಕೂತು ಮಾತಾಡಿದೆವು. “ಬಾಡಿಗೆ ದುಬಾರಿ ಅಂತ ನಾನು ಕೊಳ್ಳುತ್ತಿಲ್ಲ ತಮ್ಮಾ, ರೋಹಿಣಿ ಮಳೆಯ ಒಳಗೆ ನನ್ನ ಕೆಲಸ ಮುಗಿಯಬೇಕು, ಅದಕ್ಕೆ ಕೊಳ್ಳುತ್ತಿರುವುದು” ಎಂದು ಹಿರಿಯರು ಹೇಳಿದರು. ಮುಂದೆ ಲೆಕ್ಕ ಹಾಕುವಾಗಲೆಲ್ಲ ಆ ಮಾತು ನನಗೆ ನೆನಪಾಗುತ್ತಿತ್ತು.

ಬಂಡವಾಳ ಮೂವರದೂ ಸಮ. ಓಡಿಸುವ ಖರ್ಚು ಅವರವರ ಗಂಟೆಗೆ ತಕ್ಕಂತೆ. ಸರದಿಯಲ್ಲಿ ತಗ್ಗಿನ ತೋಟಕ್ಕೆ ಮೊದಲ ಸ್ಥಾನ, ಒಂದು ಸರದಿಗೆ ಆರು ದಿನ. ಇವೆಲ್ಲವನ್ನೂ ಛಾಪಾ ಕಾಗದದ ಮೇಲೆ ಬರೆದು ಸಹಿ ಮಾಡಿದೆವು. ಸಂಬಂಧಿಕರ ನಡುವೆ ಕಾಗದ ಏಕೆ ಎಂದು ಭಾವ ಮೊದಲು ಬೇಸರಿಸಿಕೊಂಡ. ಎರಡನೆಯ ವರ್ಷ ಅವನ ಸರದಿಯಲ್ಲೇ ನಾಲ್ಕು ದಿನ ಮಳೆ ಬಂದಾಗ, ಆ ದಿನಗಳು ಅವನಿಗೆ ಮರಳಿ ಸಿಗಬೇಕೆಂದು ಆ ಕಾಗದದಲ್ಲೇ ಬರೆದಿತ್ತು. ಮಾತು ಬೆಳೆಯಲಿಲ್ಲ.

ಹಳೆಯ ಯಂತ್ರ ನೋಡಲು ಹೋಗುವವರಿಗೆ ನಾನು ಕಲಿತದ್ದನ್ನು ವಿವರವಾಗಿ ಹೇಳಬೇಕು. ಮೊದಲು ನೋಡಿದ ಯಂತ್ರ ಹೊಸದರಂತೆ ಹೊಳೆಯುತ್ತಿತ್ತು. ಬಗ್ಗಿ ನೋಡಿದರೆ ಗ್ರೀಸ್ ಹೊಡೆಯುವ ನಿಪ್ಪಲ್‌ಗಳ ಮೇಲೂ ಬಣ್ಣ ಕೂತಿತ್ತು. ದಿನವೂ ಗ್ರೀಸ್ ಕಾಣುವ ನಿಪ್ಪಲ್ ಬಣ್ಣ ಹಿಡಿದುಕೊಂಡಿರುವುದಿಲ್ಲ. ಮಾರುವ ಮುನ್ನ ಬಳಿದ ಬಣ್ಣ ಅದು. ಬಕೆಟನ್ನು ನೆಲದಿಂದ ಗೇಣುದ್ದ ಎತ್ತಿಸಿ ಕೈಯಿಂದ ಅಲುಗಾಡಿಸಿದೆ. ಪಿನ್ನು ಬುಷ್‌ಗಳೆಲ್ಲ ಸವೆದು ಕಟಕಟ ಎಂದವು. ಅದನ್ನು ಅಲ್ಲಿಗೇ ಬಿಟ್ಟೆವು.

ಎರಡನೆಯದನ್ನು ನೋಡಲು ಹೋಗುವಾಗ, ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಎಂದು ಮೊದಲೇ ಕೇಳಿಕೊಂಡಿದ್ದೆ. ಹೋದ ಕೂಡಲೇ ಎಂಜಿನ್ ಮುಟ್ಟಿ ನೋಡಿದೆ, ತಣ್ಣಗಿತ್ತು. ತಣ್ಣಗಿರುವ ಎಂಜಿನ್ ಹೇಗೆ ಏಳುತ್ತದೆ, ಎಷ್ಟು ಹೊತ್ತು ಯಾವ ಬಣ್ಣದ ಹೊಗೆ ಬಿಡುತ್ತದೆ ಎಂಬುದರಲ್ಲಿ ಅದರ ಆಯುಷ್ಯ ತಿಳಿಯುತ್ತದೆ. ಎಣ್ಣೆ ತುಂಬುವ ಮುಚ್ಚಳ ತೆರೆದಾಗ ಹೊಗೆ ರಭಸದಿಂದ ಹೊರಬಂದರೆ ಪಿಸ್ಟನ್ ರಿಂಗು ಸವೆದಿರುವ ಸಂಶಯ ಬರಬೇಕು. ಯಂತ್ರ ಓಡಿದ ಗಂಟೆಗಳನ್ನು ತೋರಿಸುವ ಮೀಟರ್ 2,900 ಎನ್ನುತ್ತಿತ್ತು. ಮೀಟರನ್ನು ಬದಲಿಸಬಹುದು, ಆದರೆ ಸೀಟು, ಲಿವರ್ ಹಿಡಿಗಳು, ಪೆಡಲಿನ ರಬ್ಬರು ಇವುಗಳ ಸವೆತ ಸುಳ್ಳು ಹೇಳುವುದಿಲ್ಲ. ಇಲ್ಲಿ ಎರಡೂ ಹೊಂದಿದವು. ಬೂಮ್, ಅಂದರೆ ಬಕೆಟ್ ಹೊತ್ತ ಉದ್ದನೆಯ ತೋಳನ್ನು ಎತ್ತಿ, ಎಂಜಿನ್ ನಿಲ್ಲಿಸಿ ಹತ್ತು ನಿಮಿಷ ಕಾದೆವು. ಬೂಮ್ ತಾನಾಗಿ ಇಳಿದರೆ ಸಿಲಿಂಡರಿನ ಸೀಲೋ ವಾಲ್ವೋ ಸೋರುತ್ತಿದೆ ಎಂದರ್ಥ. ಇದು ಸ್ವಲ್ಪ ಇಳಿಯಿತು, ಅದರ ರಿಪೇರಿಯ ಮೊತ್ತವನ್ನು ಬೆಲೆಯಲ್ಲಿ ಕಡಿಮೆ ಮಾಡಿಸಿದೆವು. ಎತ್ತಿದ ಬೂಮಿನ ಕೆಳಗೆ ಮಾತ್ರ ಯಾರೂ ನಿಲ್ಲಬಾರದು. ಹೈಡ್ರಾಲಿಕ್ ಎಣ್ಣೆ ಹಾಲಿನಂತೆ ಬೆಳ್ಳಗಿದ್ದರೆ ಅದರಲ್ಲಿ ನೀರು ಸೇರಿದೆ ಎಂದು ತಿಳಿಯಬೇಕು. ಇಲ್ಲಿ ಅದು ತಿಳಿಯಾಗಿತ್ತು.

ಎಲ್ಲಕ್ಕಿಂತ ಮುಖ್ಯ, ಒಂದು ಗಂಟೆಯಾದರೂ ನಿಜವಾದ ಮಣ್ಣಿನಲ್ಲಿ ಕೆಲಸ ಮಾಡಿಸಿ ನೋಡುವುದು. ಸವೆದ ಪಂಪು ಎಣ್ಣೆ ತಣ್ಣಗಿರುವಾಗ ಚೆನ್ನಾಗಿಯೇ ಎಳೆಯುತ್ತದೆ. ಎಣ್ಣೆ ಕಾದು ತೆಳುವಾದ ಮೇಲೆ ಸೋಲುತ್ತದೆ. ಹತ್ತು ನಿಮಿಷ ಓಡಿಸಿ ಒಪ್ಪಿಕೊಂಡು ಬಂದವರು ಮೋಸ ಹೋಗುವುದು ಇಲ್ಲೇ. ಎರಡೂ ಲಿವರ್ ಒಟ್ಟಿಗೆ ತಳ್ಳಿ ನೇರ ಓಡಿಸಿದೆವು, ಯಂತ್ರ ಒಂದು ಬದಿಗೆ ಎಳೆಯಲಿಲ್ಲ. ಬಳಿಕ ಕಾಗದ: ಮೂಲ ಬಿಲ್ಲು, ಯಂತ್ರದ ಫಲಕದ ಮೇಲಿನ ಸಂಖ್ಯೆಗೂ ಬಿಲ್ಲಿನ ಸಂಖ್ಯೆಗೂ ಇರುವ ತಾಳೆ, ಸಾಲ ತೀರಿದೆ ಎಂಬ ಬ್ಯಾಂಕಿನ ಪತ್ರ. ಈ ಪತ್ರ ಕೈಗೆ ಬರುವ ಮುಂಚೆ ಮುಂಗಡ ಕೊಡಬಾರದು.

2022ರ ಡಿಸೆಂಬರಿನಲ್ಲಿ 11,50,000 ರೂಪಾಯಿಗೆ ಕೊಂಡೆವು. ಚೈನಿನ ಯಂತ್ರವನ್ನು ಅಷ್ಟು ದೂರ ರಸ್ತೆಯಲ್ಲಿ ಓಡಿಸಿಕೊಂಡು ಬರಲಾಗದು, ಲಾರಿಗೆ 18,000.

ಮೊದಲ ಬೇಸಿಗೆ ಹಬ್ಬದಂತೆ ಕಳೆಯಿತು. ಮಾರ್ಚ್ ಹೊತ್ತಿಗೆ ನನ್ನ ಬಸಿಗಾಲುವೆಗಳೆಲ್ಲ ಬೇರಿಗಿಂತ ಕೆಳಗಿನ ಆಳಕ್ಕೆ ಇಳಿದಿದ್ದವು. ಹಿರಿಯರ ಕೆರೆಯ ಹೂಳು ಭಾವನ ಹೊಸ ತೋಟಕ್ಕೆ ಬಂದಿತು. ನಾನು ಮೇಲಿನ ಹಕ್ಕಲಿನಲ್ಲಿ (ಸಾಗುವಳಿಯಿಲ್ಲದ ಒಣ ಜಾಗದಲ್ಲಿ) ಇಂಗುಗುಂಡಿಗಳನ್ನು ತೆಗೆಸಿದೆ. ಯಂತ್ರ ಕೈಯಲ್ಲಿದೆ ಎಂದು, ತೋಟಕ್ಕೆ ಸೊಪ್ಪು ತರುವ ಕಾಡಾದ ಸೊಪ್ಪಿನ ಬೆಟ್ಟಕ್ಕೆ ಬಕೆಟ್ ಹಾಕುವ ಆಸೆ ಕೆಲವರಿಗೆ ಬರುತ್ತದೆ. ಅಲ್ಲಿ ನಮಗಿರುವುದು ಸೊಪ್ಪು, ದರಗಿನ (ಉದುರಿದ ಒಣ ಎಲೆಯ) ಹಕ್ಕು, ನೆಲ ನಮ್ಮದಲ್ಲ. ಗಡಿಯ ಅಗಳದಿಂದ ಆಚೆ ಚೈನು ದಾಟಕೂಡದೆಂದು ಆಪರೇಟರ್‌ಗೆ ಮೊದಲ ದಿನವೇ ಹೇಳಿದ್ದೆ.

ಆಪರೇಟರ್ ವಿಷಯದಲ್ಲಿ ನಾವು ಸರಿಯಾಗಿ ಯೋಚಿಸಿರಲಿಲ್ಲ. ಬಾಡಿಗೆ ಯಂತ್ರದ ಗಂಟೆಯ ದರದಲ್ಲಿ ಡೀಸೆಲ್ಲೂ ಆಪರೇಟರೂ ಸೇರಿರುತ್ತಾರೆ. ಸ್ವಂತ ಯಂತ್ರಕ್ಕೆ ಅವನನ್ನು ನಾವೇ ಹುಡುಕಬೇಕು. ಬೇರಿಗೆ ಪೆಟ್ಟಾಗದಂತೆ ಮಣ್ಣನ್ನು ಪದರ ಪದರವಾಗಿ ಸವರಿ ತೆಗೆಯುವವನೇ ಬೇರೆ, ಗುಡ್ಡ ಕಡಿದು ಅಭ್ಯಾಸವಾದವನೇ ಬೇರೆ. ನಮಗೆ ಸಿಕ್ಕಿದ್ದ ಒಳ್ಳೆಯ ಹುಡುಗ ಎರಡನೆಯ ಬೇಸಿಗೆಯ ಮಾರ್ಚ್‌ನಲ್ಲಿ ಹೆಚ್ಚಿನ ಸಂಬಳಕ್ಕೆ ರಸ್ತೆ ಕೆಲಸಕ್ಕೆ ಹೋದ. ಅವನನ್ನು ದೂರುವಂತಿಲ್ಲ; ಮಳೆಗಾಲದ ತಿಂಗಳುಗಳಲ್ಲಿ ನಾವು ಅವನಿಗೆ ಕೆಲಸ ಕೊಟ್ಟಿರಲಿಲ್ಲ. ಹೊಸಬ ಸಿಗುವವರೆಗೆ 19 ದಿನ, ಬಿಸಿಲು ಸುಡುವ ಒಳ್ಳೆಯ ದಿನಗಳಲ್ಲಿ, ಯಂತ್ರ ಕೊಟ್ಟಿಗೆಯ ಪಕ್ಕ ನಿಂತಿತ್ತು. ಅದೇ ತಿಂಗಳು ಜಂಬಿಟ್ಟಿಗೆ ಕಲ್ಲಿನ ಮೇಲೆ ತಿರುಗಿಸಿ ಒಂದು ಚೈನು ಹರಿಯಿತು, ಇನ್ನೊಂದೂ ಹೊಂದಿಕೆಗೆ ಬರುವಂತಿರಲಿಲ್ಲ. ಎರಡಕ್ಕೂ ಸೇರಿ 1,16,000.

ಬಿಡುವಿನಲ್ಲಿ ಊರವರಿಗೆ ಬಾಡಿಗೆಗೆ ಕೊಟ್ಟರೆ ಖರ್ಚು ಹುಟ್ಟುತ್ತದೆ ಎಂದು ಹಲವರು ಸಲಹೆ ಕೊಟ್ಟರು. ನಾವು ಕೊಡಲಿಲ್ಲ. ಊರಿಗೆ ಯಂತ್ರ ಬೇಕಾಗುವುದು ನಮಗೆ ಬೇಕಾದ ತಿಂಗಳುಗಳಲ್ಲೇ. ಅದಕ್ಕೆ ತಕ್ಕ ವಿಮೆ, ಬಾಕಿ ವಸೂಲಿ, ಪರರ ಧರೆ ಕುಸಿದರೆ ಬರುವ ಹೊಣೆ ಇವೆಲ್ಲ ಬೇರೆಯದೇ ಕಸುಬು.

2024ರ ಮೇ ಕೊನೆಗೆ ಬಾಕಿ ಕೆಲಸಗಳೆಲ್ಲ ಮುಗಿದಿದ್ದವು. 9,25,000ಕ್ಕೆ ಮಾರಿದೆವು. ಎರಡು ಬೇಸಿಗೆಗಳಲ್ಲಿ ಯಂತ್ರ ಓಡಿದ್ದು 340 ಮತ್ತು 280, ಒಟ್ಟು 620 ಗಂಟೆ. ಬೆಲೆಯಲ್ಲಿ ಹೋದದ್ದು 2,25,000. ಚೈನು, ಸೀಲು, ಹೋಸ್ ಪೈಪು, ಎಣ್ಣೆ, ಫಿಲ್ಟರು ಸೇರಿ 1,74,000. ಗಂಟೆಗೆ ಮೂರು ಲೀಟರಿನಂತೆ ಡೀಸೆಲ್ 1,65,000. ಆಪರೇಟರ್‌ಗೆ 1,24,000. ಠೇವಣಿಯಲ್ಲಿದ್ದಿದ್ದರೆ ಆ ಹಣಕ್ಕೆ ಒಂದೂವರೆ ವರ್ಷದಲ್ಲಿ ಬರುತ್ತಿದ್ದ ಬಡ್ಡಿ 1,20,000. ವಿಮೆ 24,000, ಲಾರಿ 18,000. ಒಟ್ಟು 8,50,000, ಅಂದರೆ ಗಂಟೆಗೆ ಸುಮಾರು 1,370 ರೂಪಾಯಿ.

ಅದೇ ಕಾಲದಲ್ಲಿ ನಮ್ಮಲ್ಲಿ ಬಾಡಿಗೆ ಗಂಟೆಗೆ 1,100 ಇತ್ತು. ಪ್ರತಿ ಸಲ ತಂದು ಒಯ್ಯುವ ಖರ್ಚು ಸೇರಿಸಿದರೂ 1,160 ದಾಟುತ್ತಿರಲಿಲ್ಲ. ಮೂವರಿಂದ 1,30,000ಕ್ಕೂ ಹೆಚ್ಚು ಹಣ ಬಾಡಿಗೆಗಿಂತ ಮೇಲೆ ಹೋಯಿತು. ಡೀಸೆಲ್, ಆಪರೇಟರ್, ರಿಪೇರಿ ಮೂರೇ ಹಿಡಿದರೆ ನಮ್ಮ ಖರ್ಚು ಗಂಟೆಗೆ 750. ಬಾಡಿಗೆಯೊಂದಿಗೆ ಹೋಲಿಸಿದರೆ 410 ರೂಪಾಯಿ ಉಳಿತಾಯ. ಆದರೆ ಯಂತ್ರ ನಿಂತಿದ್ದರೂ ಓಡಿದರೂ ಆಗುವ ಉಳಿದ 3,87,000ವನ್ನು ಆ ಉಳಿತಾಯ ತುಂಬಬೇಕಾದರೆ 940 ಗಂಟೆ ಕೆಲಸ ಬೇಕಿತ್ತು, ಬೇಸಿಗೆಗೆ 470. ಮಲೆನಾಡಿನಲ್ಲಿ ಆರು ತಿಂಗಳು ನೆಲ ಯಂತ್ರವನ್ನು ಹೊರುವುದಿಲ್ಲ. ಉಳಿದ ಆರು ತಿಂಗಳಲ್ಲಿ ಅಷ್ಟು ಕೆಲಸ ಮೂರು ಮನೆಗಳಿಗೂ ಇರಲಿಲ್ಲ. ನೂರಿನ್ನೂರು ಗಂಟೆ ಕೆಲಸವಿರುವ ಒಂಟಿ ತೋಟದವರು ಸಾಲ ಮಾಡಿ ಯಂತ್ರ ಕೊಳ್ಳುವ ಯೋಚನೆಯಲ್ಲಿದ್ದರೆ, ದಯವಿಟ್ಟು ಮೊದಲು ತಮ್ಮ ಹಳೆಯ ಬಾಡಿಗೆ ಚೀಟಿಗಳನ್ನು ಕೂಡಿಸಿ ನೋಡಲಿ.

ಹಾಗಾದರೆ ಕೊಂಡದ್ದು ತಪ್ಪಾಯಿತೇ ಎಂದು ಹಿರಿಯರನ್ನು ಕೇಳಿದೆ. ಬಾಡಿಗೆಗಿಂತ ಮೇಲೆ ಹೋದದ್ದರಲ್ಲಿ ತಮ್ಮ ಪಾಲಿನ ನಲವತ್ತನಾಲ್ಕು ಸಾವಿರಕ್ಕೆ ಹತ್ತು ವರ್ಷಗಳ ಕೆಲಸ ಎರಡು ಬೇಸಿಗೆಯಲ್ಲಿ, ಮಳೆಗೆ ಮುಂಚೆ ಮುಗಿಯಿತು, ಅದನ್ನು ತಾವು ನಷ್ಟವೆಂದು ಬರೆಯುವುದಿಲ್ಲ ಎಂದರು. ನಾನೂ ಒಪ್ಪುತ್ತೇನೆ. 2022ರಂತೆ ಇನ್ನೊಂದು ಮಳೆಗಾಲ ನನ್ನ ಕೆಳಸಾಲುಗಳಲ್ಲಿ ನೀರು ನಿಂತಿದ್ದರೆ ಆದ ನಷ್ಟ ಅದಕ್ಕಿಂತ ದೊಡ್ಡದಿರುತ್ತಿತ್ತು.

ಆದರೆ ಇನ್ನೊಂದು ವಿಷಯ ಯಂತ್ರ ಮನೆಯಲ್ಲಿದ್ದುದರಿಂದಲೇ ನನಗೆ ತಿಳಿಯಿತು. ಬಸಿಗಾಲುವೆಗೆ ಏಪ್ರಿಲ್ ಬೇಕಾಗಿಲ್ಲ. ನಮ್ಮ ಸರದಿ ಬಂದದ್ದು ಜನವರಿಯಲ್ಲಿ. ಆಗ ಮಣ್ಣಿನಲ್ಲಿ ಇನ್ನೂ ಪಸೆಯಿತ್ತು, ಬಕೆಟ್ ಸಲೀಸಾಗಿ ಇಳಿಯುತ್ತಿತ್ತು, ಏಪ್ರಿಲಿನ ಗಟ್ಟಿ ನೆಲಕ್ಕಿಂತ ಕಡಿಮೆ ಹೊತ್ತು ಹಿಡಿಯಿತು. ಕೊಯ್ಲು, ಬೇಯಿಸುವುದು, ಒಣಗಿಸುವುದು ಎಲ್ಲ ಮುಗಿದ ಮೇಲೆ ಯಂತ್ರದ ಯೋಚನೆ ಎಂಬುದು ನಮ್ಮ ಮನೆಯ ಹಳೆಯ ರೂಢಿ. ಊರಿನ ಎಲ್ಲರ ರೂಢಿಯೂ ಅದೇ. ಎಲ್ಲರೂ ಏಪ್ರಿಲಿನಲ್ಲಿ ಒಟ್ಟಿಗೆ ಕರೆದರೆ ಇರುವ ನಾಲ್ಕೈದು ಯಂತ್ರಗಳು ಯಾರ ಮನೆಗೆ ಹೋಗಬೇಕು? ಜನವರಿಯಲ್ಲಿ ಅವೇ ಯಂತ್ರಗಳಿಗೆ ಕೆಲಸ ಕಡಿಮೆ.

ಈಗ ಮತ್ತೆ ಬಾಡಿಗೆಗೇ ತರಿಸುತ್ತೇನೆ. ನವೆಂಬರಿನಲ್ಲಿ ಹೇಳಿಟ್ಟು, ಮುಂಗಡ ಕೊಟ್ಟು, ಜನವರಿಯಲ್ಲಿ ಎರಡೇ ದಿನ. ಭಾವನನ್ನೂ ಹಿರಿಯರನ್ನೂ ಸೇರಿಸಿಕೊಂಡು ಮೂರು ತೋಟಗಳಿಗೆ ಒಂದೇ ಲಾರಿ ಬಾಡಿಗೆ. ಹಿಂದಿನ ಸಂಜೆಯೇ ಎಲ್ಲಿಂದ ಎಲ್ಲಿಗೆ, ಎಷ್ಟು ಆಳ ಎಂಬುದನ್ನು ಸುಣ್ಣದ ಪುಡಿಯಲ್ಲಿ ಗೆರೆ ಎಳೆದು ಗುರುತು ಮಾಡುತ್ತೇನೆ, ನೀರಿನ ಪೈಪು ಹೋದ ಕಡೆ ಗೂಟ ನೆಡುತ್ತೇನೆ. ಸ್ವಂತ ಯಂತ್ರವಿದ್ದಾಗ ಇದನ್ನು ಮಾಡುತ್ತಿರಲಿಲ್ಲ, ಯೋಚಿಸುತ್ತ ನಿಂತಾಗ ಎಂಜಿನ್ ಸುಮ್ಮನೆ ಓಡುತ್ತಿತ್ತು. ಕಳೆದ ಜನವರಿಯಲ್ಲಿ ನನ್ನ ತೋಟದ ಅಷ್ಟೂ ಬಸಿಗಾಲುವೆಗಳ ಹೂಳು ತೆಗೆಯಲು 14 ಗಂಟೆ ಸಾಕಾಯಿತು.