ಹಿಂದಿನ ಚಕ್ರದ ಪಂಚರ್ ಮನೆಯಲ್ಲೇ ಹಾಕುವುದು ಹೇಗೆ?

ಬೈಕಿನಲ್ಲಿ ಹಿಂದಿನ ಚಕ್ರವೇ ಹೆಚ್ಚು ಪಂಚರ್ ಆಗುತ್ತದೆ. ರಸ್ತೆಯಲ್ಲಿ ಮಲಗಿದ್ದ ಮೊಳೆಯನ್ನು ಮುಂದಿನ ಟೈರ್ ಎಬ್ಬಿಸಿ ಹೋಗುತ್ತದೆ, ಬೆನ್ನಿಗೇ ಬರುವ ಹಿಂದಿನ ಟೈರ್‌ಗೆ ಅದು ನೆಟ್ಟಗೆ ಚುಚ್ಚಿಕೊಳ್ಳುತ್ತದೆ. ಸವಾರರ ಭಾರ ಬೀಳುವುದೂ ಹೆಚ್ಚಾಗಿ ಅದರ ಮೇಲೇ. ಇಲ್ಲಿ ಹೇಳಿರುವ ಕ್ರಮ ಕಡ್ಡಿ ಚಕ್ರ, ಟ್ಯೂಬ್ ಟೈರ್, ಡ್ರಮ್ ಬ್ರೇಕ್ ಇರುವ ಸ್ಪ್ಲೆಂಡರ್ ಮಾದರಿಯ 100 ಸಿಸಿ ಬೈಕ್‌ಗಳಿಗೆ. ಟ್ಯೂಬ್‌ಲೆಸ್ ಟೈರ್‌ನ ವಿಧಾನ ಬೇರೆ.

ಆಕ್ಸಲ್ (ಚಕ್ರದ ನಡುವೆ ಹಾಯುವ ಅಚ್ಚು) ನಟ್‌ಗೆ ಹೊಂದುವ ಸ್ಪ್ಯಾನರ್‌ಗಳು (ಸಾಮಾನ್ಯವಾಗಿ 17 ಅಥವಾ 19 ಎಂ.ಎಂ.), ಕಟಿಂಗ್ ಪ್ಲೇಯರ್, ಮೂರು ಟೈರ್ ಲಿವರ್, ವಾಲ್ವ್ ಪಿನ್ ಬಿಚ್ಚುವ ಕೀ, ಮರಳು ಕಾಗದ, ಸಲ್ಯೂಷನ್, ಪ್ಯಾಚ್, ಪಂಪ್, ಸೋಪಿನ ನೀರು ಮತ್ತು ಒಂದು ಹೊಸ ಸ್ಪ್ಲಿಟ್ ಪಿನ್ (ನಟ್ ಕಳಚದಂತೆ ತಡೆಯುವ, ತುದಿ ಮಡಚುವ ಪಿನ್) ಬೇಕು. ಲಿವರ್ ಇಲ್ಲವೆಂದು ಸ್ಕ್ರೂಡ್ರೈವರ್ ಹಾಕಬೇಡಿ. ಒಂದು ತೂತು ಮುಚ್ಚಲು ಹೋಗಿ ಎರಡು ಮಾಡಿಕೊಳ್ಳುವುದು ಹೀಗೆಯೇ.

ಚಕ್ರ ಬಿಚ್ಚುವುದು

ಗಟ್ಟಿ ನೆಲದ ಮೇಲೆ ಡಬಲ್ ಸ್ಟ್ಯಾಂಡ್ ಹಾಕಿ. ಮೊದಲು ಬ್ರೇಕ್ ರಾಡ್‌ನ ತುದಿಯ ಅಡ್ಜಸ್ಟ್ ನಟ್ ಬಿಚ್ಚಿ ರಾಡ್ ಎಳೆದುಕೊಳ್ಳಿ. ಸ್ಪ್ರಿಂಗ್, ಸಣ್ಣ ಪಿನ್, ನಟ್ ಮೂರನ್ನೂ ಅದೇ ಕ್ರಮದಲ್ಲಿ ರಾಡ್‌ಗೇ ಪೋಣಿಸಿಟ್ಟರೆ ಆಮೇಲೆ ಹುಡುಕಾಟವಿಲ್ಲ. ಬಳಿಕ ಬ್ರೇಕ್ ಪ್ಲೇಟನ್ನು (ಡ್ರಮ್ ಮುಚ್ಚುವ ತಟ್ಟೆ) ತಿರುಗದಂತೆ ಹಿಡಿದಿರುವ ಟಾರ್ಕ್ ಪಟ್ಟಿಯ ಸ್ಪ್ಲಿಟ್ ಪಿನ್ ತೆಗೆದು ಅದರ ನಟ್ ಬಿಚ್ಚಿ.

ಈಗ ಆಕ್ಸಲ್ ನಟ್. ಚೈನ್ ಅಡ್ಜಸ್ಟರ್‌ಗಳನ್ನು ಮಾತ್ರ ತಿರುಗಿಸಬೇಡಿ. ಅವು ಇದ್ದ ಗುರುತಿನಲ್ಲೇ ಇದ್ದರೆ ಚೈನ್ ಮತ್ತೆ ಹೊಂದಿಸುವ ಕೆಲಸ ಬಹುಪಾಲು ಉಳಿಯುತ್ತದೆ. ನಟ್ ತೆಗೆದು ಎದುರಿನ ಕಡೆಯಿಂದ ಆಕ್ಸಲ್ ಎಳೆಯಿರಿ. ಬಿಗಿಯಾಗಿದ್ದರೆ ಮರದ ತುಂಡು ಕೊಟ್ಟು ತಟ್ಟಿ, ನೇರವಾಗಿ ಸುತ್ತಿಗೆಯಿಂದ ಹೊಡೆದರೆ ಥ್ರೆಡ್ ಕೆಡುತ್ತದೆ. ಆಕ್ಸಲ್ ಬರುತ್ತಿದ್ದಂತೆ ಬ್ರೇಕ್ ಪ್ಲೇಟಿನ ಪಕ್ಕದ ಬುಷ್ (ಆಕ್ಸಲ್‌ಗೆ ಪೋಣಿಸಿದ ಸಣ್ಣ ಕೊಳವೆ) ಕೆಳಗೆ ಬೀಳುತ್ತದೆ, ಎತ್ತಿಟ್ಟುಕೊಳ್ಳಿ.

ಈ ಬೈಕ್‌ಗಳ ವಿನ್ಯಾಸದಲ್ಲಿ ಒಂದು ಅನುಕೂಲವಿದೆ. ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಕಡೆಯ ದೊಡ್ಡ ಸ್ಲೀವ್ ನಟ್ ಮುಟ್ಟದಿದ್ದರೆ ಚೈನ್ ಮತ್ತು ಸ್ಪ್ರಾಕೆಟ್ ತಮ್ಮ ಜಾಗದಲ್ಲೇ ಉಳಿಯುತ್ತವೆ. ಚಕ್ರವನ್ನು ಬಲಕ್ಕೆ ಜರುಗಿಸಿದರೆ ಹಬ್‌ನ (ಚಕ್ರದ ನಡುಭಾಗ) ರಬ್ಬರ್‌ಗಳು ಸ್ಪ್ರಾಕೆಟ್‌ನಿಂದ ಬಿಡಿಸಿಕೊಳ್ಳುತ್ತವೆ. ಇನ್ನೊಬ್ಬರು ಬೈಕನ್ನು ತುಸು ವಾಲಿಸಿ ಹಿಡಿದರೆ ಚಕ್ರ ಹೊರಗೆ ಬರುತ್ತದೆ.

ಟ್ಯೂಬ್ ತೆಗೆದು ಕಾರಣ ಹುಡುಕುವುದು

ವಾಲ್ವ್ ಪಿನ್ ತೆಗೆದು ಗಾಳಿ ಪೂರ್ತಿ ಬಿಡಿ, ರಿಮ್‌ಗೆ ಬಿಗಿದ ವಾಲ್ವ್ ನಟ್ ಬಿಚ್ಚಿ. ಟೈರ್ ಅಂಚನ್ನು ಕಾಲಿನಿಂದ ತುಳಿದು ಸುತ್ತಲೂ ರಿಮ್‌ನಿಂದ ಬಿಡಿಸಿ, ಸೋಪಿನ ನೀರು ಸವರಿ. ವಾಲ್ವ್ ಪಕ್ಕದಲ್ಲಿ ಲಿವರ್ ಹಾಕಿ, ಅದರ ಎದುರಿನ ಅಂಚನ್ನು ರಿಮ್‌ನ ನಡುವಿನ ತಗ್ಗಿಗೆ ಒತ್ತಿ ಹಿಡಿಯಿರಿ. ಅಲ್ಲಿ ಸಿಗುವ ಸಡಿಲವೇ ಇಲ್ಲಿ ಅಂಚನ್ನು ಮೇಲೆತ್ತುತ್ತದೆ. ವಿಪರೀತ ಬಲ ಬೇಕಾಗುತ್ತಿದೆ ಎಂದರೆ ಅಂಚು ತಗ್ಗಿಗೆ ಇಳಿದಿಲ್ಲ ಎಂದರ್ಥ. ಒಂದು ಬದಿ ಮಾತ್ರ ಬಿಡಿಸಿದರೆ ಸಾಕು, ಟ್ಯೂಬ್ ಹೊರಬರುತ್ತದೆ. ಟ್ಯೂಬಿನ ಯಾವ ಮಗ್ಗುಲು ಬ್ರೇಕ್ ಕಡೆಗಿತ್ತು ಎಂದು ಗುರುತು ಹಾಕಿ, ಟೈರ್ ಮೇಲೂ ವಾಲ್ವ್ ಇದ್ದ ಜಾಗಕ್ಕೆ ಸೀಮೆಸುಣ್ಣದ ಗೆರೆ ಎಳೆಯಿರಿ.

ಪಿನ್ ಹಾಕಿ ಟ್ಯೂಬ್ ಉಬ್ಬಿಸಿ ನೀರಿನಲ್ಲಿ ಮುಳುಗಿಸಿದರೆ ಗುಳ್ಳೆ ತೂತನ್ನು ತೋರಿಸುತ್ತದೆ. ಪ್ಯಾಚ್ ಹಾಕುವ ಅವಸರದಲ್ಲಿ ತೂತು ಎಲ್ಲಿದೆ ಎಂಬುದನ್ನು ಗಮನಿಸದೆ ಬಿಟ್ಟರೆ ಅದೇ ಪಂಚರ್ ಮರುದಿನ ಮತ್ತೆ ಆಗುತ್ತದೆ. ತೂತು ಹೊರಮೈಯಲ್ಲಿದ್ದರೆ ಮೊಳೆ ಅಥವಾ ಮುಳ್ಳು. ಸೀಮೆಸುಣ್ಣದ ಗೆರೆಗೆ ವಾಲ್ವ್ ಹೊಂದಿಸಿ ಟ್ಯೂಬನ್ನು ಟೈರ್ ಪಕ್ಕಕ್ಕಿಟ್ಟರೆ ಮೊಳೆ ಇರುವ ಜಾಗ ತಾನಾಗಿ ಸಿಗುತ್ತದೆ. ಒಳಗೆ ಬರಿಗೈ ಆಡಿಸದೆ ಬಟ್ಟೆ ಹಿಡಿದು ಸವರಿ. ತೂತು ರಿಮ್ ಕಡೆಯ ಮೈಯಲ್ಲಿದ್ದರೆ ಕಡ್ಡಿಯ ತುದಿ ರಿಮ್ ಟೇಪ್ (ಕಡ್ಡಿಯ ತುದಿಗಳನ್ನು ಮುಚ್ಚುವ ಪಟ್ಟಿ) ದಾಟಿ ಚುಚ್ಚಿದೆ. ಆ ತುದಿಯನ್ನು ಅರದಿಂದ ಸಮ ಮಾಡಿ ಹೊಸ ಟೇಪ್ ಹಾಕಬೇಕು. ಅಕ್ಕಪಕ್ಕದಲ್ಲಿ ಎರಡು ಸೀಳು ಕಂಡರೆ ಗಾಳಿ ಕಡಿಮೆಯಿದ್ದಾಗ ಗುಂಡಿಗೆ ಬಿದ್ದು ಟ್ಯೂಬ್ ರಿಮ್‌ಗೆ ಸಿಕ್ಕಿಕೊಂಡಿದೆ. ವಾಲ್ವ್‌ನ ಬುಡ ಕಿತ್ತಿದ್ದರೆ ಪ್ಯಾಚ್ ನಿಲ್ಲುವುದಿಲ್ಲ, ಟ್ಯೂಬ್ ಬದಲಿಸಿ.

ಪ್ಯಾಚ್

ತೂತಿನ ಸುತ್ತ ಪ್ಯಾಚ್‌ಗಿಂತ ತುಸು ಅಗಲಕ್ಕೆ ಹೊಳಪು ಹೋಗುವವರೆಗೂ ಮರಳು ಕಾಗದದಿಂದ ಉಜ್ಜಿ, ಪುಡಿ ಒರೆಸಿ. ಸಲ್ಯೂಷನ್ ತೆಳುವಾಗಿ ಹಚ್ಚಿ ಸುಮಾರು ಐದು ನಿಮಿಷ ಬಿಡಿ. ಅಂಚಿನಲ್ಲಿ ಮುಟ್ಟಿದರೆ ಬೆರಳಿಗೆ ಹತ್ತಬಾರದು. ಹಸಿಯಿರುವಾಗಲೇ ಪ್ಯಾಚ್ ಇಟ್ಟರೆ ಒಳಗೆ ಉಳಿದ ದ್ರಾವಕ ಹೊರಹೋಗದೆ ಪ್ಯಾಚ್ ಏಳುತ್ತದೆ. ಮನೆಯಲ್ಲಿ ಹಾಕಿದ ಪ್ಯಾಚ್ ಕಿತ್ತುಬರುವುದಕ್ಕೆ ಮುಖ್ಯ ಕಾರಣವೇ ಈ ಆತುರ. ನಡುವಿನಿಂದ ಅಂಚಿಗೆ ಗಟ್ಟಿಯಾಗಿ ಒತ್ತಿ, ಮೇಲೆ ಪೌಡರ್ ಉದುರಿಸಿ, ಇನ್ನೊಮ್ಮೆ ನೀರಿನಲ್ಲಿ ನೋಡಿ.

ಟೈರನ್ನೇ ಬದಲಿಸುವುದಿದ್ದರೆ ಹಳೆಯದರ ಬದಿಯಲ್ಲಿರುವ ಅಳತೆಯನ್ನೇ ಕೊಳ್ಳಿ. 80/100-18 ಎಂದರೆ 80 ಎಂ.ಎಂ. ಅಗಲ, ಅಗಲದ ಶೇ. 100ರಷ್ಟು ಅಂದರೆ ಅಷ್ಟೇ ಎತ್ತರ, 18 ಇಂಚಿನ ರಿಮ್. ತಯಾರಾದ ದಿನವೂ ಅಲ್ಲೇ ನಾಲ್ಕಂಕಿಯಲ್ಲಿದೆ: 2324 ಎಂದರೆ 2024ರ 23ನೇ ವಾರ. ಬದಿಯ ಬಾಣ ಚಕ್ರ ಮುಂದಕ್ಕೆ ಉರುಳುವ ದಿಕ್ಕಿಗಿರಬೇಕು.

ಮತ್ತೆ ಜೋಡಿಸುವುದು

ಆಕಾರ ಬರುವಷ್ಟೇ ಗಾಳಿ ತುಂಬಿದ ಟ್ಯೂಬನ್ನು ಒಳಗಿಟ್ಟು, ವಾಲ್ವ್ ನಟ್ ಎರಡು ಸುತ್ತು ಮಾತ್ರ ಹಾಕಿ. ಟೈರ್ ಅಂಚು ಕೂರಿಸುವುದನ್ನು ಈ ಬಾರಿ ವಾಲ್ವ್‌ನ ಎದುರಿನಿಂದ ಶುರು ಮಾಡಿ ವಾಲ್ವ್ ಬಳಿ ಮುಗಿಸಬೇಕು. ಅಲ್ಲಿ ವಾಲ್ವ್‌ನ ಬುಡ ದಪ್ಪವಿರುವುದರಿಂದ ಅಂಚು ತಗ್ಗಿಗೆ ಇಳಿಯುವುದಿಲ್ಲ, ಸಡಿಲ ಎದುರಿನಿಂದಲೇ ಸಿಗಬೇಕು. ಕೊನೆಯ ಗೇಣುದ್ದ ಲಿವರ್‌ಗಿಂತ ಕೈಯಲ್ಲಿ ಒತ್ತಿ ಕೂರಿಸುವುದು ಒಳ್ಳೆಯದು; ಟ್ಯೂಬ್ ಕಚ್ಚಿಕೊಳ್ಳುವುದು ಅಲ್ಲೇ. ವಾಲ್ವನ್ನು ಒಮ್ಮೆ ಒಳಕ್ಕೆ ತಳ್ಳಿ ಬಿಡಿ, ಅಂಚಿನಡಿ ಸಿಕ್ಕಿದ್ದರೆ ಬಿಡಿಸಿಕೊಳ್ಳುತ್ತದೆ. ಗಾಳಿ ತುಂಬುವಾಗ ಟೈರ್ ಬದಿಯ ಗೆರೆ ರಿಮ್‌ನಿಂದ ಸುತ್ತಲೂ ಒಂದೇ ದೂರದಲ್ಲಿ ಬರಬೇಕು. ಬರದಿದ್ದರೆ ಗಾಳಿ ಬಿಟ್ಟು, ಸೋಪು ಸವರಿ ಮತ್ತೆ ತುಂಬಿ. ಒತ್ತಡ ಎಷ್ಟೆಂಬುದು ಬೈಕಿನ ಸ್ಟಿಕ್ಕರ್‌ನಲ್ಲಿದೆ. ಇಬ್ಬರು ಕೂರುವುದಾದರೆ ಹೆಚ್ಚಿನ ಅಂಕಿ ನೋಡಿ.

ಚಕ್ರ ಏರಿಸುವಾಗ ಬುಷ್ ಮರೆಯಬೇಡಿ. ಆಕ್ಸಲ್ ಬಿಗಿದ ಮೇಲೆ ಟಾರ್ಕ್ ಪಟ್ಟಿಯ ನಟ್ ಹಾಕಿ ಹೊಸ ಸ್ಪ್ಲಿಟ್ ಪಿನ್ ಮಡಚಿ. ಇದನ್ನು ಬಿಟ್ಟರೆ ಬ್ರೇಕ್ ಒತ್ತಿದಾಗ ಪ್ಲೇಟೇ ಚಕ್ರದೊಂದಿಗೆ ತಿರುಗಿ ರಾಡನ್ನು ಸುತ್ತಿಕೊಳ್ಳುತ್ತದೆ, ಓಡುವ ಬೈಕಿನ ಚಕ್ರ ಅಲ್ಲೇ ಕಟ್ಟಿಕೊಳ್ಳಬಹುದು. ಆ ಪಿನ್ನನ್ನು ಎರಡು ಸಲ ನೋಡಿ. ನಂತರ ಬ್ರೇಕ್ ರಾಡ್ ಸೇರಿಸಿ, ಪೆಡಲ್ ಸುಮಾರು 2ರಿಂದ 3 ಸೆಂ.ಮೀ. ಸಡಿಲವಿರುವಂತೆ ನಟ್ ತಿರುಗಿಸಿ. ಚೈನ್ ಸಡಿಲವೂ ಅಷ್ಟೇ ಇರಲಿ. ಚಕ್ರ ಕೈಯಲ್ಲಿ ತಿರುಗಿಸಿದರೆ ಎಲ್ಲೂ ಉಜ್ಜಬಾರದು. ನಿಧಾನಕ್ಕೆ ಓಡಿಸಿ ಒಂದೆರಡು ಸಲ ಬ್ರೇಕ್ ಹಿಡಿದು ನೋಡಿ, ಮರುದಿನ ಬೆಳಿಗ್ಗೆ ಚಕ್ರ ತಣ್ಣಗಿರುವಾಗ ಗಾಳಿ ಮತ್ತೊಮ್ಮೆ ಅಳೆಯಿರಿ.